ನಿಷೇಧ ಕಾಗದದ ಮೇಲೆ, ಕಳೆನಾಶಕ ಬಾವಿಯ ತಳದಲ್ಲಿ

ಜರ್ಮನಿಯಲ್ಲಿ ಅಟ್ರಜಿನ್ ಅನ್ನೋ ಕಳೆನಾಶಕವನ್ನು ನಿಷೇಧಿಸಿದ್ದು 1991ರಲ್ಲಿ. ಆ ವರ್ಷ ಹುಟ್ಟಿದವರು ಈಗ ಮದುವೆಯಾಗಿ ಮಕ್ಕಳನ್ನು ಶಾಲೆಗೆ ಕಳಿಸುತ್ತಿರಬಹುದು. ಅಲ್ಲಿನ ಅಂತರ್ಜಲದಲ್ಲಿ ಮಾತ್ರ ಅಟ್ರಜಿನ್ನೂ ಅದು ಒಡೆದು ಹುಟ್ಟಿದ ತುಣುಕುಗಳೂ ಇವತ್ತಿಗೂ ಸಿಗುತ್ತವೆ. ಫ್ರಾನ್ಸ್ 2003ರಲ್ಲಿ ನಿಲ್ಲಿಸಿತು, ಅಲ್ಲೂ ಇದೇ ಪಾಡು. ಡೆನ್ಮಾರ್ಕಿನಲ್ಲಿ ಡೈಕ್ಲೋಬೆನಿಲ್ ಅಂತ ಇನ್ನೊಂದು ಇತ್ತು. ಹೊಲಕ್ಕಿಂತ ಜಾಸ್ತಿ ಅಂಗಳ, ರೈಲು ಹಳಿ, ದಾರಿಯ ಬದಿಗೆ ಹೊಡೆಯುತ್ತಿದ್ದದ್ದು. 1997ರಲ್ಲಿ ಅದನ್ನು ನಿಷೇಧಿಸಿದರು. ಆದರೆ ಅದರ ಒಂದು ತುಣುಕು, 'ಬ್ಯಾಮ್' ಅಂತ ಕರೆಯುತ್ತಾರೆ, ಬಾವಿಗಳಲ್ಲಿ ಮತ್ತೆ ಮತ್ತೆ ಸಿಕ್ಕು ಕುಡಿಯುವ ನೀರಿನ ಎಷ್ಟೋ ಕೊಳವೆಬಾವಿಗಳನ್ನೇ ಮುಚ್ಚಬೇಕಾಯಿತು.

ನಿಷೇಧ ಅಂದರೆ ಇನ್ನು ಮುಂದೆ ಹಾಕಬೇಡಿ ಅಂತ, ಅಷ್ಟೇ. ಈಗಾಗಲೇ ಹಾಕಿದ್ದನ್ನು ಯಾವ ಸರ್ಕಾರಿ ಆದೇಶವೂ ಹೊರಗೆ ತೆಗೆಯಲ್ಲ. ಇದು ಎಲ್ಲರಿಗೂ ಗೊತ್ತಿರೋ ಮಾತು ಅನಿಸುತ್ತೆ, ಆದರೆ ನಿಷೇಧದ ಸುದ್ದಿ ಪೇಪರಿನಲ್ಲಿ ಬಂದ ದಿನ ನಾವೆಲ್ಲ ಆ ವಿಷಯ ಮುಗೀತು ಅಂತ ಪುಟ ತಿರುಗಿಸಿಬಿಡುತ್ತೇವೆ.

ಪುಣೆಯಲ್ಲಿ ಕೂತು ಜರ್ಮನಿಯ ಬಾವಿ ಬಗ್ಗೆ ಯಾಕೆ ಮಾತು ಅಂತೀರಾ? ನೀವು ಹಡಪ್ಸರ್, ಮಾಂಜ್ರಿ, ವಾಘೋಲಿ, ಉಂಡ್ರಿ, ಪಿಸೋಳಿ ಕಡೆ ಇದ್ದರೆ ನಿಮ್ಮ ಸೊಸೈಟಿಗೆ, ಅಂದರೆ ಅಪಾರ್ಟ್‌ಮೆಂಟಿಗೆ, ಟ್ಯಾಂಕರ್ ಬರುತ್ತೆ, ಅಲ್ವಾ? ನಮ್ಮ ಕಡೆಯ ಜನ, ಅಂದರೆ ವಿಜಯಪುರ, ಕಲಬುರಗಿ, ಬೆಳಗಾವಿಯಿಂದ ಬಂದವರು, ಈ ಪೂರ್ವದ ಅಂಚಿನಲ್ಲೇ ಹೆಚ್ಚು ಕಾಣ್ತಾರೆ. ಮನೆ ಬಾಡಿಗೆ ಕಮ್ಮಿ, ಸೋಲಾಪುರ ರಸ್ತೆ ಹಿಡಿದರೆ ವಿಜಯಪುರ, ಕಲಬುರಗಿಗೆ ಸೀದಾ ದಾರಿ. ಪಾಲಿಕೆ ನೀರು ಸಾಲದ್ದಕ್ಕೆ ವರ್ಷದಲ್ಲಿ ಎಷ್ಟೋ ತಿಂಗಳು ಟ್ಯಾಂಕರೇ ಗತಿ. ಆ ಟ್ಯಾಂಕರ್ ತುಂಬಿಕೊಳ್ಳೋದು ಎಲ್ಲಿ ಅಂತ ಯಾರೂ ಕೇಳಲ್ಲ. ನಮ್ಮ ಗೇಟಿನ ಹತ್ತಿರ ಪೈಪ್ ಬಿಚ್ಚುತ್ತಿದ್ದ ಡ್ರೈವರ್ ಒಬ್ಬರನ್ನು ಸುಮ್ನೆ ಕೇಳಿದೆ. ಅಫಜಲಪುರ ಕಡೆಯವರು, ಕನ್ನಡ ಕೇಳಿದ ಕೂಡಲೇ ಮುಖ ಅರಳಿತು. "ಬಾವೀದು ಅದರೀ ಸರ. ಸುತ್ತೆಲ್ಲ ಕಬ್ಬು ಅದ. ನೀರು ಭಾಳ ಸಿಹಿ ನೋಡ್ರಿ, ಬೋರಿನ ಹಂಗ ಸವಳಲ್ಲ" ಅಂದರು.

ಸುತ್ತೆಲ್ಲ ಕಬ್ಬು ಇರೋ ಬಾವಿ. ಆ ಕಬ್ಬಿಗೆ ನಾಟಿಯಾದ ಮೂರ್ನಾಲ್ಕು ದಿನದೊಳಗೆ, ಮಣ್ಣು ಹಸಿ ಇರುವಾಗಲೇ, ಕಳೆ ಮೊಳೆಯುವ ಮುಂಚೆ ಹೊಡೆಯುವ ಔಷಧಿಗಳಲ್ಲಿ ಅಟ್ರಜಿನ್ ಒಂದು. ಪುಡಿ ರೂಪದಲ್ಲಿ ಬರುತ್ತೆ, ಬೆಲೆ ಕಮ್ಮಿ, ಯಾವ ಕೃಷಿ ಸೇವಾ ಕೇಂದ್ರದಲ್ಲಿ ಕೇಳಿದರೂ ಸಿಗುತ್ತೆ.

ಇಲ್ಲಿ ಒಂದು ವಿಷಯ ಸರಿಯಾಗಿ ಬಿಡಿಸಿ ಹೇಳಬೇಕು, ಯಾಕೆಂದರೆ ವಾಟ್ಸಾಪಿನಲ್ಲಿ ಎಲ್ಲವನ್ನೂ ಸೇರಿಸಿ ಕಲಸಿಬಿಡುತ್ತಾರೆ. ಅಟ್ರಜಿನ್ ಯುರೋಪಿನಲ್ಲಿ ನಿಷಿದ್ಧ, ಭಾರತದಲ್ಲಿ ಅಲ್ಲ. ನಮ್ಮಲ್ಲಿ ನಿಷೇಧವಾದ ಕಳೆನಾಶಕಗಳಲ್ಲಿ ಮುಖ್ಯವಾದದ್ದು ಅಲಾಕ್ಲೋರ್. ಸೋಯಾ, ಶೇಂಗಾ, ಗೋವಿನಜೋಳ, ಹತ್ತಿಗೆಲ್ಲ ಹೊಡೆಯುತ್ತಿದ್ದದ್ದು. 2018ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 18 ಕೃಷಿ ವಿಷಗಳನ್ನು ನಿಷೇಧಿಸಿತು. 12 ಕೂಡಲೇ, ಅಲಾಕ್ಲೋರ್ ಸೇರಿ ಉಳಿದ 6 ಮಾತ್ರ 2020ರ ಡಿಸೆಂಬರ್ 31ರಿಂದ. ಅಂದರೆ ಎರಡು ವರ್ಷಕ್ಕೂ ಮಿಕ್ಕಿ ಗಡುವು ಕೊಟ್ಟು ನಿಷೇಧ. ಆಮೇಲೆ 2020ರ ಮೇ ತಿಂಗಳಲ್ಲಿ ಇನ್ನೂ 27ನ್ನು ನಿಷೇಧಿಸುವ ಕರಡು ಬಂತು. ಅದರಲ್ಲಿ ಅಟ್ರಜಿನ್ ಇತ್ತು, 2,4-ಡಿ ಇತ್ತು, ಬ್ಯೂಟಾಕ್ಲೋರ್, ಡೈಯುರಾನ್, ಪೆಂಡಿಮೆಥಾಲಿನ್ ಎಲ್ಲ ಇದ್ದವು. 2023ರಲ್ಲಿ ಆದೇಶ ಹೊರಬಿದ್ದಾಗ ಪೂರ್ತಿ ನಿಷೇಧದ ಪಟ್ಟಿಯಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು, ಕಳೆನಾಶಕ ಅದರಲ್ಲಿ ಒಂದೂ ಇಲ್ಲ. ರಾಜ್ಯ ಸರ್ಕಾರವಾದರೂ ಮಾಡಬಹುದಲ್ಲ ಅಂತ ಕೇಳಬಹುದು. 1968ರ ಕೀಟನಾಶಕ ಕಾಯ್ದೆಯಲ್ಲಿ ರಾಜ್ಯಕ್ಕಿರೋ ಅಧಿಕಾರ ತಾತ್ಕಾಲಿಕ ತಡೆ, ಅದೂ 60 ದಿನದ್ದು.

ಯುರೋಪ್ ಒಕ್ಕೂಟ 2004ರಲ್ಲಿ ಅಟ್ರಜಿನ್ನಿಗೆ ಬಾಗಿಲು ಹಾಕಿದ್ದಕ್ಕೆ ಕಾರಣ ಕ್ಯಾನ್ಸರ್ ಗೀನ್ಸರ್ ಅಲ್ಲ. ಅಂತರ್ಜಲದಲ್ಲಿ ಇದು ಲೀಟರಿಗೆ 0.1 ಮೈಕ್ರೋಗ್ರಾಂ (ಒಂದು ಮೈಕ್ರೋಗ್ರಾಂ ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು) ದಾಟಲ್ಲ ಅಂತ ಯಾರೂ ತೋರಿಸಿಕೊಡಲಾಗಲಿಲ್ಲ, ಅದೇ ಕಾರಣ. ಅಂದರೆ ನೀರನ್ನು ನೋಡಿ ಔಷಧಿಯನ್ನು ನಿಲ್ಲಿಸಿದರು. ನಮ್ಮಲ್ಲಿ ಆ ನೋಟವೇ ಇಲ್ಲ. ಇರೋ ಔಷಧಿಯನ್ನಾಗಲಿ ನಿಷೇಧವಾದದ್ದನ್ನಾಗಲಿ ನೀರಿನಲ್ಲಿ ಹುಡುಕುವ ಅಭ್ಯಾಸವೇ ಬೆಳೆದಿಲ್ಲ. ಹಾಗಾಗಿ ಅಲಾಕ್ಲೋರ್ ನಿಷೇಧದಿಂದ ಬಾವಿ ನೀರಿಗೆ ಏನಾದರೂ ಲಾಭ ಆಗಿದೆಯಾ ಅಂತ ಕೇಳಿದರೆ ಹಳ್ಳಿ ಹಳ್ಳಿಯ ಲೆಕ್ಕ ಇಟ್ಟು ಉತ್ತರ ಕೊಡೋರು ಸಿಗಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಹೊಲದಲ್ಲಿ ಕೆಲವು ವಾರಗಳಲ್ಲಿ ಕರಗಿ ಹೋಗುತ್ತೆ ಅಂತ ಹೇಳುವ ಔಷಧಿ ಬಾವಿಯಲ್ಲಿ ದಶಕಗಟ್ಟಲೆ ಉಳಿಯೋದು ಹೇಗೆ?

ಮೇಲ್ಮಣ್ಣಿನಲ್ಲಿ ಅಟ್ರಜಿನ್ ಅರ್ಧಕ್ಕೆ ಇಳಿಯಲು ಸುಮಾರು ಎರಡು ತಿಂಗಳು ಅಂತ ಪುಸ್ತಕಗಳಲ್ಲಿರುತ್ತೆ, ಮಣ್ಣಿನ ಮೇಲೆ ಹೆಚ್ಚು ಕಮ್ಮಿ. ಈ ಲೆಕ್ಕ ಸುಳ್ಳಲ್ಲ. ಮೇಲಿನ ಒಂದಡಿ ಮಣ್ಣಿನಲ್ಲಿ ಅದನ್ನು ತಿನ್ನೋ ಬ್ಯಾಕ್ಟೀರಿಯಾ ಇವೆ. 1990ರ ದಶಕದಲ್ಲಿ ಅಮೆರಿಕದ ಮಿನೆಸೋಟದ ವಿಜ್ಞಾನಿಗಳು ಸ್ಯೂಡೋಮೊನಾಸ್ ಜಾತಿಯ ಒಂದು ಬ್ಯಾಕ್ಟೀರಿಯಾ ಹಿಡಿದರು, ಅದಕ್ಕೆ ಅಟ್ರಜಿನ್ನೇ ಸಾರಜನಕದ ಊಟ. ವರ್ಷಾ ವರ್ಷ ಅಟ್ರಜಿನ್ ಬಿದ್ದ ಹೊಲದಲ್ಲಿ ಇಂಥ ಜೀವಿಗಳು ಹೆಚ್ಚಾಗಿ ಔಷಧಿ ಬೇಗ ಒಡೆಯೋದೂ ಉಂಟು. ನಮ್ಮ ಬಿಸಿಲಿಗೆ ಜರ್ಮನಿಗಿಂತ ಬೇಗ ಒಡೆಯಬೇಕು ಕೂಡ.

ಆದರೆ ಒಡೆಯೋದು ಮೇಲೆ ಇದ್ದಷ್ಟು ಹೊತ್ತು ಮಾತ್ರ. ಆಳಕ್ಕೆ ಇಳಿದ ಮೇಲೆ ಅಲ್ಲಿ ಸಾವಯವ ಅಂಶ ಇಲ್ಲ, ಬಿಸಿ ಇಲ್ಲ, ಬೆಳಕು ಇಲ್ಲ, ಜೀವಿಗಳೂ ವಿರಳ. ಒಡೆಯುವ ವೇಗ ಕುಸಿದುಬಿಡುತ್ತೆ. ಇನ್ನೊಂದು ತಮಾಷೆ ನೋಡಿ. ಈ ಬ್ಯಾಕ್ಟೀರಿಯಾಗಳು ಅಟ್ರಜಿನ್ ತಿನ್ನೋದು ಸಾರಜನಕಕ್ಕಾಗಿ. ನಾವು ಚೀಲಗಟ್ಟಲೆ ಯೂರಿಯಾ ಸುರಿದು ಸಾರಜನಕವನ್ನು ಧಾರಾಳವಾಗಿ ಬಡಿಸಿಟ್ಟರೆ ಅವುಗಳಲ್ಲಿ ಬಹಳಷ್ಟು ಅಟ್ರಜಿನ್ ಕಡೆ ತಿರುಗಿ ನೋಡಲ್ಲ. ಕಬ್ಬಿಗೆ ನಾವು ಎಷ್ಟು ಯೂರಿಯಾ ಹಾಕುತ್ತೇವೆ ಅಂತ ಬೇರೆ ಹೇಳಬೇಕಾ?

ಇನ್ನು ನೆಲದ ವಿಷಯ. ಇಂಗ್ಲೆಂಡ್, ಉತ್ತರ ಫ್ರಾನ್ಸಿನ ಸುಣ್ಣದ ನೆಲದಲ್ಲಿ ನೀರು ವರ್ಷಕ್ಕೆ ಸುಮಾರು ಒಂದು ಮೀಟರ್ ಇಳಿಯುತ್ತೆ. ನೀರಿನ ಮಟ್ಟ 30 ಮೀಟರ್ ಕೆಳಗಿದ್ದರೆ ಇವತ್ತು ಸಿಂಪಡಿಸಿದ್ದು ಅಲ್ಲಿ ತಲುಪೋದು ಮುಂದಿನ ತಲೆಮಾರಿಗೆ. ನಿಷೇಧವಾದ ಮೇಲೂ ಬಾವಿಯಲ್ಲಿ ಪ್ರಮಾಣ ಏರುತ್ತಾ ಹೋಗೋದು ಇದೇ ಕಾರಣಕ್ಕೆ. ಹಳೇ ಸಿಂಪಡಣೆ ಇನ್ನೂ ದಾರಿಯಲ್ಲಿರುತ್ತೆ.

ಪುಣೆಯ ನೆಲ ಬೇರೆ ಥರ. ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ ಪದರಗಳು, ಕಪ್ಪು ಬಸಾಲ್ಟ್. ಗಟ್ಟಿ ಬಂಡೆಯೊಳಗೆ ನೀರು ನಿಲ್ಲಲ್ಲ, ನಿಲ್ಲೋದೆಲ್ಲ ಬಿರುಕಿನಲ್ಲಿ, ರಂಧ್ರ ರಂಧ್ರ ಇರುವ ಪದರದಲ್ಲಿ, ಮತ್ತು ಮೇಲಿನ ಶಿಥಿಲವಾದ ಮುರುಮಿನಲ್ಲಿ. ನಮ್ಮೂರ ಕಡೆ ಗರಸು ಅಂತಾರಲ್ಲ, ಅದೇ. ಅದರ ಮೇಲೆ ಎರೆ ಮಣ್ಣು. ಎರೆ ಮಣ್ಣಿನಲ್ಲಿ ಜೇಡಿ ಜಾಸ್ತಿ, ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತೆ, ಹಾಗಾಗಿ ಕೆಳಗೆ ಇಳಿಯಲ್ಲ ಅಂತ ಕೃಷಿಯವರು ಧೈರ್ಯ ಹೇಳುತ್ತಾರೆ. ಅರ್ಧ ನಿಜ. ಬೇಸಿಗೆಯಲ್ಲಿ ಎರೆಹೊಲ ಬಾಯಿ ಬಿಟ್ಟಿರೋದನ್ನು ನೋಡಿದವರಿಗೆ ಇನ್ನರ್ಧ ಗೊತ್ತು. ಕೈ ತೂರಿಸಬಹುದಾದಷ್ಟು ಅಗಲದ ಬಿರುಕು. ಜೂನ್ ಮಳೆ ದಬದಬ ಬಿದ್ದಾಗ ಮೇಲಿನ ಜೇಡಿ ಉಬ್ಬಿ ಬಿರುಕು ಮುಚ್ಚುವ ಮುಂಚೆ ನೀರು ಅದರೊಳಗಿಂದ ಸೀದಾ ಗರಸಿಗೆ ಇಳಿದುಬಿಡುತ್ತೆ. ಗೋವಿನಜೋಳ ಬಿತ್ತಿದ ಕೂಡಲೇ ಕಳೆನಾಶಕ ಬೀಳೋದೂ ಅದೇ ದಿನಗಳಲ್ಲಿ. 'ಅಡಸಾಲಿ' ಕಬ್ಬಿನ ನಾಟಿ ಜುಲೈ, ಆಗಸ್ಟಿನಲ್ಲಿ, ಅಂದರೆ ನಡು ಮಳೆಗಾಲ. ಮಣ್ಣಿನ ಆ ಒಂದಡಿ ಜೀವಂತ ಪದರವನ್ನು ಔಷಧಿ ಮುಟ್ಟದೆಯೇ ದಾಟಿಹೋದರೆ, ಎರಡು ತಿಂಗಳ ಲೆಕ್ಕ ಯಾವ ಪ್ರಯೋಜನಕ್ಕೆ ಬಂತು?

ಕೆಳಗೆ ಹೋದ ಮೇಲೆ ಇನ್ನೊಂದು ಆಟ. ಬಿರುಕಿನಲ್ಲಿ ನೀರು ಜೋರಾಗಿ ಹರಿಯುತ್ತೆ, ಆದರೆ ಬಿರುಕಿನ ಎರಡೂ ಬದಿಯ ಶಿಥಿಲ ಕಲ್ಲಿನೊಳಗೆ ಸಣ್ಣ ಸಣ್ಣ ರಂಧ್ರಗಳಿವೆ. ಹರಿವ ನೀರಿನಲ್ಲಿ ಔಷಧಿ ಜಾಸ್ತಿ ಇದ್ದಾಗ ಅದು ಆ ರಂಧ್ರಗಳೊಳಗೆ ನಿಧಾನಕ್ಕೆ ಸೇರಿಕೊಳ್ಳುತ್ತೆ. ಮುಂದೆ ಶುದ್ಧ ನೀರು ಬಂದಾಗ ಅಷ್ಟೇ ನಿಧಾನಕ್ಕೆ ವಾಪಸ್ ಬಿಟ್ಟುಕೊಡುತ್ತೆ. ವರ್ಷಗಟ್ಟಲೆ ಎಣ್ಣೆ ಹಾಕಿಟ್ಟ ಮಣ್ಣಿನ ಮಡಕೆಯನ್ನು ಎಷ್ಟು ತೊಳೆದರೂ ಜಿಡ್ಡು ಒಸರುತ್ತಲ್ಲ, ಹಾಗೆ. ಮಣ್ಣಿನಲ್ಲೂ ಇಂಥದ್ದೇ ಆಗುತ್ತೆ. ಜರ್ಮನಿಯ ಯೂಲಿಶ್‌ನಲ್ಲಿ ಗುರುತಿನ ಇಂಗಾಲ ಸೇರಿಸಿದ ಅಟ್ರಜಿನ್ನನ್ನು ಬಯಲಿನ ಮಣ್ಣಿಗೆ ಹಾಕಿ 22 ವರ್ಷದ ಮೇಲೆ ಅಳೆದರು. ಹಾಕಿದ ಆ ಇಂಗಾಲದ ಸುಮಾರು ಕಾಲು ಭಾಗ ಇನ್ನೂ ಮಣ್ಣಿನಲ್ಲೇ ಇತ್ತು, ಅದರಲ್ಲಿ ಅಟ್ರಜಿನ್ನೂ ಪತ್ತೆಯಾಯಿತು.

ನಮ್ಮ ನೆಲದ ಪರವಾಗಿಯೂ ಒಂದು ಮಾತು ಹೇಳಬೇಕು. ಬಸಾಲ್ಟಿನಲ್ಲಿ ನೀರು ನಿಲ್ಲುವ ಜಾಗವೇ ಕಮ್ಮಿ. ತೆರೆದ ಬಾವಿಗಳು ಮಳೆಗಾಲದಲ್ಲಿ ತುಂಬಿ, ಏಪ್ರಿಲ್ ಮೇ ಹೊತ್ತಿಗೆ ತಳ ಕಾಣುತ್ತವೆ. ಅಂದರೆ ಮೇಲಿನ ಪದರದ ನೀರು ಹೆಚ್ಚು ಕಮ್ಮಿ ಪ್ರತಿ ವರ್ಷ ಬದಲಾಗುತ್ತೆ. ಹಾಗಾಗಿ ನಿಷೇಧದ ಫಲ ಇಲ್ಲಿನ ತೆರೆದ ಬಾವಿಯಲ್ಲಿ ಫ್ರಾನ್ಸಿಗಿಂತ ಬೇಗ ಕಾಣಬಹುದು ಅಂತ ನನ್ನ ಅಂದಾಜು. ಆಳದ ಬೋರ್‌ವೆಲ್ ಮಾತು ಬೇರೆ, ಅಲ್ಲಿನ ನೀರು ಹಳೇದು. ಆದರೆ ಈ ಲಾಭದ ಬೆನ್ನಿಗೇ ಒಂದು ನಷ್ಟ ಇದೆ. ಬೇಗ ತೊಳೆದು ಹೋಗುವ ನೆಲಕ್ಕೆ ಔಷಧಿ ಬೇಗ ಬಂದೂ ಸೇರುತ್ತೆ. ಜೂನ್ ಕೊನೆಯಲ್ಲಿ, ಜುಲೈಯಲ್ಲಿ ಪ್ರಮಾಣ ಸಟ್ಟನೆ ಏರಿ, ಮಾರ್ಚಿನಲ್ಲಿ ಪರೀಕ್ಷೆ ಮಾಡಿಸಿದರೆ ಏನೂ ಕಾಣದೇ ಇರಬಹುದು. ಸೊಸೈಟಿಗಳು ನೀರು ಪರೀಕ್ಷೆ ಮಾಡಿಸೋದು ಯಾವಾಗ ಹೇಳಿ? ಟ್ಯಾಂಕರ್ ಗಲಾಟೆ ಶುರುವಾದಾಗ, ಅಂದರೆ ಬೇಸಿಗೆಯಲ್ಲಿ.

ಪ್ರಮಾಣದ ವಿಷಯ ಲೆಕ್ಕ ಹಾಕಿ ನೋಡದೆ ತಲೆಗೆ ಹೋಗಲ್ಲ. 50 ಪರ್ಸೆಂಟಿನ ಅಟ್ರಜಿನ್ ಪುಡಿ ಒಂದು ಕಿಲೋ ತೊಗೊಳ್ಳಿ. ಅಸಲು ಔಷಧಿ 500 ಗ್ರಾಂ. ಅದರಲ್ಲಿ ನೂರಕ್ಕೆ ಒಂದು ಪಾಲು, 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು, ಅಂತರ್ಜಲಕ್ಕೆ ಸೇರಿತು ಅಂದುಕೊಳ್ಳಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಅಟ್ರಜಿನ್ ಮಿತಿ ಲೀಟರಿಗೆ 2 ಮೈಕ್ರೋಗ್ರಾಂ. ಆ 5 ಗ್ರಾಂ 25 ಲಕ್ಷ ಲೀಟರ್ ನೀರನ್ನು ಈ ಮಿತಿಗೆ ತಂದು ನಿಲ್ಲಿಸುತ್ತೆ. ಹತ್ತು ಸಾವಿರ ಲೀಟರಿನ 250 ಟ್ಯಾಂಕರ್. ಯುರೋಪಿನ 0.1 ಮೈಕ್ರೋಗ್ರಾಂ ಲೆಕ್ಕ ಹಿಡಿದರೆ 5,000 ಟ್ಯಾಂಕರ್. ಅಟ್ರಜಿನ್ ನೀರಿನಲ್ಲಿ ಅಷ್ಟೇನೂ ಕರಗಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಲೀಟರಿಗೆ ಸುಮಾರು 33 ಮಿಲಿಗ್ರಾಂ ಕರಗುತ್ತೆ. ನಮ್ಮ ಮಿತಿಯ ಹದಿನಾರು ಸಾವಿರ ಪಟ್ಟು ಅದು. ಬಾವಿ ಕೆಡೋಕೆ ಇಷ್ಟು ಧಾರಾಳವಾಗಿ ಸಾಕು.

ಮಿತಿ ಯಾವುದು ಸರಿ ಅನ್ನೋದರಲ್ಲೇ ಜಗಳ ಇದೆ. ಯುರೋಪಿನ 0.1 ಆರೋಗ್ಯದ ಲೆಕ್ಕದಿಂದ ಬಂದದ್ದಲ್ಲ. ಕೃಷಿ ವಿಷ ಕುಡಿಯುವ ನೀರಿನಲ್ಲಿ ಇರಲೇಬಾರದು ಅನ್ನೋ ನಿಲುವಿಗೆ 1980ರಲ್ಲಿ ಕೊಟ್ಟ ಅಂಕಿ, ಸೊನ್ನೆಗೆ ಬದಲಿ. ಅಮೆರಿಕದ್ದು 3. ವಿಶ್ವ ಆರೋಗ್ಯ ಸಂಸ್ಥೆ ಮೊದಲು 2 ಅನ್ನುತ್ತಿತ್ತು, ಆಮೇಲೆ ಹೊಸ ಲೆಕ್ಕ ಹಾಕಿ ಅಟ್ರಜಿನ್ ಮತ್ತು ಅದರ ಕೆಲವು ತುಣುಕುಗಳನ್ನು ಸೇರಿಸಿ 100 ಅಂದಿತು. ಒಂದೇ ಪದಾರ್ಥಕ್ಕೆ 0.1ರಿಂದ 100ರ ತನಕ ಸಾವಿರ ಪಟ್ಟು ಅಂತರ! ಇದರಲ್ಲಿ ನನ್ನ ಒಲವು ಯುರೋಪಿನ ಕಡೆಗೇ. ಕಾರಣ ಭಯ ಅಲ್ಲ. ಒಮ್ಮೆ ಕೆಳಗಿಳಿದದ್ದನ್ನು ವಾಪಸ್ ತೆಗೆಯಲು ಬರಲ್ಲ ಅಂದಮೇಲೆ, ಆರೋಗ್ಯಕ್ಕೆ ಎಷ್ಟು ಸಹಿಸಬಹುದು ಅನ್ನೋ ಕೊನೇ ಗೆರೆಯ ತನಕ ಬಾವಿಯನ್ನು ತುಂಬಿಸಿಕೊಳ್ಳೋದು ಎಲ್ಲಿಯ ಜಾಣತನ?

ತುಣುಕುಗಳ ವಿಷಯ ಮೇಲೆ ಎರಡು ಮೂರು ಸಲ ಬಂತು. ಇಡೀ ಕಥೆಯಲ್ಲಿ ಜನರಿಗೆ ಕಮ್ಮಿ ಗೊತ್ತಿರೋದು ಇದೇ. ಅಲಾಕ್ಲೋರ್ ಮಣ್ಣಿನಲ್ಲಿ ಬೇಗನೇ ಒಡೆಯುತ್ತೆ, ನಿಜ. ಒಡೆದಾಗ ಅದರಿಂದ ಈಎಸ್‌ಎ, ಓಎ ಅಂತ ಕರೆಯುವ ಎರಡು ಆಮ್ಲಗಳು ಹುಟ್ಟುತ್ತವೆ. ಇವು ಮೂಲ ಔಷಧಿಗಿಂತ ಸಲೀಸಾಗಿ ನೀರಿನಲ್ಲಿ ಕರಗುತ್ತವೆ, ಮಣ್ಣಿಗೆ ಅಂಟಲ್ಲ, ಜಾಸ್ತಿ ದಿನ ಬಾಳುತ್ತವೆ. ಅಮೆರಿಕದ ಗೋವಿನಜೋಳದ ಸೀಮೆಯಲ್ಲಿ ಅಂತರ್ಜಲ ಪರೀಕ್ಷಿಸಿದಾಗ ಅಲಾಕ್ಲೋರ್‌ಗಿಂತ ಈ ಈಎಸ್‌ಎ ಸಿಕ್ಕಿದ್ದೇ ಹೆಚ್ಚು. ನಮ್ಮ ಐಎಸ್ 10500ರ ಪಟ್ಟಿಯಲ್ಲಿ ಅಲಾಕ್ಲೋರ್ ಇದೆ, ಮಿತಿ 20 ಮೈಕ್ರೋಗ್ರಾಂ. ಈಎಸ್‌ಎ ಇಲ್ಲ. ಅಟ್ರಜಿನ್ ಇದೆ, ಅದರ ತುಣುಕು ಡಿಈಥೈಲ್ ಅಟ್ರಜಿನ್ ಇಲ್ಲ. ತಾಯಿಯ ಹೆಸರು ಮಾತ್ರ ಬರೆದುಕೊಂಡು ಹುಡುಕಾಟಕ್ಕೆ ಹೊರಟರೆ ಮಕ್ಕಳು ಪಕ್ಕದಲ್ಲೇ ನಿಂತಿದ್ದರೂ ಲೆಕ್ಕಕ್ಕೆ ಸಿಗಲ್ಲ.

ಡೆನ್ಮಾರ್ಕಿನವರಿಗೂ ಹೀಗೇ ಆಯಿತು. ಸಕ್ಕರೆ ಬೀಟ್ ಹೊಲಕ್ಕೆ ಹಾಕುತ್ತಿದ್ದ ಕ್ಲೋರಿಡಾಜೋನ್ ಅನ್ನೋ ಕಳೆನಾಶಕ ಅಲ್ಲಿ 1996ರಲ್ಲೇ ಮಾರುಕಟ್ಟೆಯಿಂದ ಹೋಗಿತ್ತು. ಅದರ ಒಂದು ತುಣುಕನ್ನು 2017ರಲ್ಲಿ ಪರೀಕ್ಷೆಯ ಪಟ್ಟಿಗೆ ಸೇರಿಸಿದರು. ಸೇರಿಸಿದ್ದೇ ತಡ, ಬಾವಿ ಬಾವಿಯಲ್ಲಿ ಸಿಗತೊಡಗಿತು. ಇಪ್ಪತ್ತು ವರ್ಷ ಅಲ್ಲೇ ಇತ್ತು, ಯಾರೂ ಕೇಳಿರಲಿಲ್ಲ. ನೀರಿನ ವಿಷಯದಲ್ಲಿ ಲೋಕಕ್ಕೇ ಮಾದರಿ ಅನ್ನಿಸಿಕೊಂಡ ದೇಶದ ಕಥೆ ಇದು.

ನಮ್ಮ ಸೊಸೈಟಿಯವರು ಟ್ಯಾಂಕರ್ ನೀರು ಪರೀಕ್ಷೆ ಮಾಡಿಸಿದ್ದರು. ಲ್ಯಾಬ್ ಹೆಸರು ಬೇಡ. ಎರಡು ಪುಟದ ರಿಪೋರ್ಟ್. ಪಿಎಚ್, ಟಿಡಿಎಸ್, ಗಡಸುತನ, ಕ್ಲೋರೈಡ್, ಕೋಲಿಫಾರ್ಮ್, ಎಲ್ಲಕ್ಕೂ ಒಂದೊಂದು ಅಂಕಿ. ಕೊನೆಯಲ್ಲಿ 'ಕೀಟನಾಶಕ' ಅಂತ ಒಂದೇ ಸಾಲು, ಎದುರಿಗೆ 'ಬಿಡಿಎಲ್'. ಪತ್ತೆ ಮಾಡಬಹುದಾದ ಮಿತಿಗಿಂತ ಕಮ್ಮಿ ಅಂತ ಅದರರ್ಥ. ಸರಿ, ಯಾವ ಕೀಟನಾಶಕ? ಬರೆದಿಲ್ಲ. ಆ ಮಿತಿ ಎಷ್ಟು? ಅದೂ ಇಲ್ಲ. ಯಂತ್ರಕ್ಕೆ 1 ಮೈಕ್ರೋಗ್ರಾಂ ಕೆಳಗೆ ಕಾಣಿಸದಿದ್ದರೆ 0.9 ಇದ್ದರೂ ಬಿಡಿಎಲ್ಲೇ. ಫೋನ್ ಮಾಡಿ ಕೇಳಿದರೆ ಆ ಕಡೆಯಿಂದ ಹುಡುಗ ಬಹಳ ವಿನಯವಾಗಿ "ಸರ್, ಸಗಳಂ ನಾರ್ಮಲ್ ಆಹೆ" ಅಂದ, ಎಲ್ಲ ನಾರ್ಮಲ್ ಇದೆ ಅಂತ. ನಮ್ಮ ಕಮಿಟಿಯಲ್ಲಿರುವ ಇಂಡಿ ಕಡೆಯ ದೊಡ್ಡವರೊಬ್ಬರು ಆ ರಿಪೋರ್ಟನ್ನು ಲಿಫ್ಟಿನ ಪಕ್ಕ ಅಂಟಿಸಿ, ನೀರು ಪಾಸ್ ಆಗಿದೆ ಅಂತ ಗ್ರೂಪಿನಲ್ಲೂ ಹಾಕಿದರು.

ಅವರನ್ನು ದೂರಲ್ಲ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ನಾಂದೇಡ್, ಕಿರ್ಕಟ್‌ವಾಡಿ ಕಡೆ ಜಿಬಿಎಸ್ ಅನ್ನೋ ನರಗಳ ಕಾಯಿಲೆ ಹರಡಿದಾಗ ನೀರಿನ ಮೇಲೆ ಸಂಶಯ ಬಂದು ಊರೆಲ್ಲ ಗಾಬರಿಯಾಗಿತ್ತು. ಅವತ್ತಿಂದ ಪುಣೆಯಲ್ಲಿ ನೀರು ಶುದ್ಧ ಅಂದರೆ ಬ್ಯಾಕ್ಟೀರಿಯಾ ಇಲ್ಲ, ಕ್ಲೋರಿನ್ ಇದೆ ಅಂತಲೇ ಅರ್ಥ. ತಪ್ಪೇನಿಲ್ಲ, ರೋಗಾಣು ನಾಳೆಯೇ ಮಲಗಿಸುತ್ತೆ. ಆದರೆ ಅಟ್ರಜಿನ್ನಿಗೆ ಕ್ಲೋರಿನ್ ಹೆಚ್ಚೇನೂ ಮಾಡಲ್ಲ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತೆ, ಔಷಧಿ ಪಾತ್ರೆಯಲ್ಲೇ ಉಳಿಯುತ್ತೆ. ಗಡಸುತನ ತೆಗೆಯುವ ಸಾಫ್ಟ್‌ನರ್ ಅದಕ್ಕೆ ಸಂಬಂಧವೇ ಇಲ್ಲ.

ಮಾಂಜ್ರಿಯಲ್ಲಿ ಒಂದು ವಿಚಿತ್ರ ಇದೆ. ಅಲ್ಲಿ ದ್ರಾಕ್ಷಿಯ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇದೆ, 1997ರಲ್ಲಿ ಶುರುವಾದದ್ದು. 2003ರಲ್ಲಿ ಕೀಟನಾಶಕದ ಉಳಿಕೆ ಸಿಕ್ಕಿ ನಮ್ಮ ದ್ರಾಕ್ಷಿಗೆ ಯುರೋಪಿನಲ್ಲಿ ತೊಂದರೆ ಆಯಿತು, 2010ರಲ್ಲಿ ಇನ್ನೊಂದು ರಾಸಾಯನಿಕದ ಉಳಿಕೆಯಿಂದ ಮತ್ತೆ ಪೆಟ್ಟು ಬಿತ್ತು. ಆಮೇಲೆ ತೋಟದ ನೋಂದಣಿ, ಸ್ಯಾಂಪಲ್, ಲ್ಯಾಬ್ ಎಲ್ಲ ಎಷ್ಟು ಬಿಗಿಯಾಯಿತು ಅಂದರೆ ರಫ್ತಿಗೆ ಹೋಗುವ ಗೊಂಚಲು ಯಾವ ತೋಟದ್ದು ಅಂತ ಹುಡುಕಿ ಹಿಡಿಯಬಹುದು, ನೂರಾರು ಔಷಧಿಗಳ ಉಳಿಕೆಯನ್ನು ಅತಿ ಸಣ್ಣ ಪ್ರಮಾಣದಲ್ಲೂ ಅಳೆಯಬಹುದು. ಯಂತ್ರ ಇದೆ, ಓದಿದವರು ಇದ್ದಾರೆ, ಪದ್ಧತಿ ಇದೆ. ಅದೇ ಮಾಂಜ್ರಿಯಲ್ಲಿ ಕಬ್ಬಿನ ದೊಡ್ಡ ಸಂಸ್ಥೆ ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್ ಇದೆ. ರಾಜ್ಯದ ಅಂತರ್ಜಲ ಇಲಾಖೆಯ ಕೇಂದ್ರ ಕಚೇರಿಯೂ ಪುಣೆಯಲ್ಲೇ. ಇಷ್ಟೆಲ್ಲ ಒಂದೇ ಊರಿನಲ್ಲಿದ್ದೂ ಹಾಲೆಂಡಿಗೆ ಹೋಗುವ ದ್ರಾಕ್ಷಿಗೆ ಇರೋ ತಪಾಸಣೆ ವಾಘೋಲಿಗೆ ಹೋಗುವ ಟ್ಯಾಂಕರಿಗೆ ಇಲ್ಲ. ಕೊಳ್ಳೋರು ತಿರಸ್ಕರಿಸಬಲ್ಲರು ಅಂದಾಗ ಮಾತ್ರ ನಮ್ಮಲ್ಲಿ ಅಳೆಯೋಕೆ ಮನಸ್ಸು ಬರುತ್ತೆ. ಟ್ಯಾಂಕರ್ ನೀರನ್ನು ತಿರಸ್ಕರಿಸಿ ನೋಡಿ, ಸಂಜೆಗೆ ಸ್ನಾನಕ್ಕೂ ಗತಿ ಇರಲ್ಲ.

ರೈತರನ್ನು ಬೈಯೋದು ಸುಲಭ, ಆದರೆ ಅದರಲ್ಲಿ ಹುರುಳಿಲ್ಲ. ಕಬ್ಬಿನ ಸಾಲಿನಲ್ಲಿ ಕರಿಕೆ, ಜೇಕು ಎದ್ದರೆ ಕುರಪಿ ಹಿಡಿದು ಕಸ ತೆಗೆಯೋಕೆ ಆಳು ಬೇಕು. ಆ ಆಳುಗಳು ಎಲ್ಲಿ? ಹಡಪ್ಸರಿನ ಕಟ್ಟಡಗಳ ಕೆಲಸದಲ್ಲಿದ್ದಾರೆ, ಸೆಕ್ಯೂರಿಟಿ ಡ್ಯೂಟಿಯಲ್ಲಿದ್ದಾರೆ, ನಮ್ಮ ನಿಮ್ಮ ಮನೆ ಕೆಲಸಕ್ಕೆ ಬರುತ್ತಾರೆ. ಇಡೀ ದಿನದ ಕೂಲಿ ಒಂದು ಕಡೆ, ಅರ್ಧ ದಿನದಲ್ಲಿ ಒಬ್ಬನೇ ಪಂಪ್ ಬೆನ್ನಿಗೆ ಹಾಕಿಕೊಂಡು ಮುಗಿಸುವ ಔಷಧಿ ಇನ್ನೊಂದು ಕಡೆ. ಯಾರಾದರೂ ಎರಡನೆಯದನ್ನೇ ಆರಿಸುತ್ತಾರೆ. ಅಂದಹಾಗೆ ಪಾರ್ಥೇನಿಯಂ, ನಾವು ಕಾಂಗ್ರೆಸ್ ಗಿಡ ಅಂತೀವಲ್ಲ, ಅದು ಭಾರತದಲ್ಲಿ ಕಳೆಯಾಗಿ ಮೊದಲು ದಾಖಲಾದದ್ದು 1950ರ ದಶಕದಲ್ಲಿ, ಇದೇ ಪುಣೆಯಲ್ಲಿ. ಅದಕ್ಕೂ ಅಟ್ರಜಿನ್ ಹೊಡೆಯುತ್ತಾರೆ.

ಆದರೆ ರೈತರ ಕೈಯಲ್ಲೇ ಇರುವ, ಖರ್ಚಿಲ್ಲದ ಒಂದು ವಿಷಯ ಇದೆ. ಔಷಧಿ ಕಲಸೋದು, ಪಂಪ್ ತೊಳೆಯೋದು ಬಹುತೇಕ ಬಾವಿಯ ಕಟ್ಟೆಯ ಹತ್ತಿರವೇ. ನೀರು ಅಲ್ಲೇ ಸಿಗೋದು, ಇನ್ನೆಲ್ಲಿ ತೊಳೆಯಬೇಕು? ತೊಳೆದ ನೀರು ಅಲ್ಲೇ ಇಂಗುತ್ತೆ, ಕಟ್ಟೆ ಒಡೆದಿದ್ದರೆ ಸೀದಾ ಒಳಗೇ ಬೀಳುತ್ತೆ. ಮೇಲೆ ಹಾಕಿದ ಲೆಕ್ಕದ ಆ 5 ಗ್ರಾಂ ಹೊಲವನ್ನೆಲ್ಲ ಸುತ್ತಿ ಮಣ್ಣಿನಲ್ಲಿ ಇಳಿದು ಬರಬೇಕಾಗಿಲ್ಲ, ಡಬ್ಬ ತೊಳೆದ ಒಂದು ಕೊಡ ನೀರಿನಲ್ಲೇ ಬಂದುಬಿಡಬಹುದು. ಬಾವಿಯಿಂದ ಐವತ್ತು ಹೆಜ್ಜೆ ದೂರ, ಹೊಲದ ನಡುವೆ ತೊಳೆದರೆ ಮೇಲ್ಮಣ್ಣಿನ ಜೀವಿಗಳಿಗಾದರೂ ಕೆಲಸ ಸಿಗುತ್ತೆ.

ಇನ್ನೊಂದು, ಇದನ್ನು ಹೇಳಿದರೆ ನೀರು ಉಳಿಸೋ ಗೆಳೆಯರಿಗೆ ಕೋಪ ಬರಬಹುದು. ಬೋರ್‌ವೆಲ್ ರೀಚಾರ್ಜ್. ಮಹಾರಾಷ್ಟ್ರದಲ್ಲೂ ನಮ್ಮ ಕರ್ನಾಟಕದಲ್ಲೂ ಹೊಲದಲ್ಲಿ ಹರಿದ ಮಳೆನೀರನ್ನು ಜಲ್ಲಿ ಗುಂಡಿಗೆ ಹಾಯಿಸಿ ಬೋರಿಗೆ ಇಳಿಸುತ್ತಾರೆ. ಚಾವಣಿ ನೀರನ್ನು ಇಳಿಸಿ, ಯಾರ ತಕರಾರೂ ಇಲ್ಲ. ಆದರೆ ಕಳೆನಾಶಕ ಹೊಡೆದ ಹೊಲದ ಮೊದಲ ಮಳೆಯ ನೀರನ್ನು ಬೋರಿಗೆ ಬಿಡೋದು ಅಂದರೆ, ನಮ್ಮನ್ನು ಕಾಪಾಡೋ ಏಕೈಕ ಪದರವಾದ ಮೇಲ್ಮಣ್ಣನ್ನು ಪೂರ್ತಿ ತಪ್ಪಿಸಿ ಔಷಧಿಯನ್ನು ಸೀದಾ ಆಳಕ್ಕೆ ಕಳಿಸಿದಂತೆ. ಜಲ್ಲಿ ಮತ್ತು ಮರಳು ಕೆಸರನ್ನು ಹಿಡಿಯುತ್ತವೆ, ಕರಗಿದ ಅಟ್ರಜಿನ್ನನ್ನು ಹಿಡಿಯಲ್ಲ. ಆಳದ ಹಳೇ ನೀರು ಇಷ್ಟು ದಿನ ಉಳಿದದ್ದೇ ದಾರಿ ಉದ್ದ ಇದ್ದದ್ದಕ್ಕೆ.

ಊರಿನವರಿಗೂ ಇದು ದೂರದ ಮಾತಲ್ಲ. ಅಂತರ್ಜಲ ಒಂದೇ ಕಡೆ ನಿಲ್ಲಲ್ಲ, ಹಳ್ಳಕ್ಕೆ ಒಸರುತ್ತೆ, ಹಳ್ಳ ಮುಳಾ-ಮುಠೆಗೆ, ಅಲ್ಲಿಂದ ಭೀಮೆಗೆ, ಉಜನಿ ಅಣೆಕಟ್ಟು ದಾಟಿ ಇಂಡಿ, ಅಫಜಲಪುರಕ್ಕೆ. ಅಷ್ಟು ದೂರಕ್ಕೆ ತೆಳುವಾಗುತ್ತೆ ನಿಜ, ಆದರೆ ದಾರಿಯುದ್ದಕ್ಕೂ ಎರಡೂ ದಂಡೆಯಲ್ಲಿ ಕಬ್ಬೇ.

ಹಾಗಾದರೆ ಸೊಸೈಟಿಯವರು ಏನು ಮಾಡಬಹುದು? ಎಲ್ಲಕ್ಕಿಂತ ಅಗ್ಗದ ದಾರಿ ನೈಟ್ರೇಟ್ ಪರೀಕ್ಷೆ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ದೇಶದ ಸುಮಾರು ನೂರಕ್ಕೆ ಇಪ್ಪತ್ತು ಸ್ಯಾಂಪಲ್‌ಗಳಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮಿತಿಗಿಂತ ಜಾಸ್ತಿ ಇತ್ತು. ನೈಟ್ರೇಟ್ ಚರಂಡಿಯಿಂದಲೂ ಬರಬಹುದು. ಆದರೆ ಸುತ್ತ ಕಬ್ಬು ಮಾತ್ರ ಇರುವ ಬಾವಿಯಲ್ಲಿ ನೈಟ್ರೇಟ್ ಜಾಸ್ತಿ ಇದ್ದರೆ, ಹೊಲದ ಮೇಲಿಂದ ಬಾವಿಯೊಳಗೆ ದಾರಿ ತೆರೆದಿದೆ ಅಂತ ತಿಳಿಯಿರಿ. ಯೂರಿಯಾ ಬಂದ ದಾರಿಯಲ್ಲಿ ಕಳೆನಾಶಕವೂ ಬರಬಹುದು. ಆಮೇಲೆ ದೊಡ್ಡ ಪರೀಕ್ಷೆಗೆ ದುಡ್ಡು ಹಾಕಿ. ಹಾಕುವ ಮುಂಚೆ ಲ್ಯಾಬಿನವರನ್ನು ಕೇಳಿ: ಯಾವ್ಯಾವ ಕಳೆನಾಶಕ ನೋಡುತ್ತೀರಿ, ಅಟ್ರಜಿನ್, 2,4-ಡಿ, ಮೆಟ್ರಿಬುಜಿನ್ ಇವೆಯಾ, ಡಿಈಥೈಲ್ ಅಟ್ರಜಿನ್ ನೋಡುತ್ತೀರಾ, ಪ್ರತಿಯೊಂದಕ್ಕೂ ನಿಮ್ಮ ಯಂತ್ರದ ಮಿತಿ ಎಷ್ಟು, ಅದನ್ನು ರಿಪೋರ್ಟಿನಲ್ಲಿ ಬರೆದು ಕೊಡುತ್ತೀರಾ? ಬರೆಯಲ್ಲ ಅಂದರೆ ಬೇರೆ ಲ್ಯಾಬ್ ನೋಡಿ. ಸ್ಯಾಂಪಲ್ ತೆಗೆಯೋದು ಜೋರು ಮಳೆಯಾದ ಮೇಲೆ, ಜುಲೈಯಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಇನ್ನೊಮ್ಮೆ.

ಸಿಕ್ಕರೆ ತೆಗೆಯೋಕೆ ಆ್ಯಕ್ಟಿವೇಟೆಡ್ ಕಾರ್ಬನ್ ಚೆನ್ನಾಗಿ ಕೆಲಸ ಮಾಡುತ್ತೆ, ಆರ್‌ಓ ಕೂಡ ಬಹುಪಾಲು ತಡೆಯುತ್ತೆ. ಕಾರ್ಬನ್ ತುಂಬಿದ ಮೇಲೆ ಬದಲಿಸಬೇಕು, ಬದಲಿಸದಿದ್ದರೆ ಇದ್ದೂ ಇಲ್ಲದಂತೆ. ತುಣುಕುಗಳನ್ನು ಅದು ಮೂಲ ಔಷಧಿಯಷ್ಟು ಗಟ್ಟಿಯಾಗಿ ಹಿಡಿಯಲ್ಲ, ಅವು ಬೇಗ ತಪ್ಪಿಸಿಕೊಂಡು ಹೋಗುತ್ತವೆ. ಇದರ ಖರ್ಚು ಯಾರ ತಲೆಗೆ ಅನ್ನೋದು ಬೇರೆ ಜಗಳ. ಅಮೆರಿಕದಲ್ಲಿ ಅಟ್ರಜಿನ್ ತೆಗೆಯುವ ಫಿಲ್ಟರ್ ಖರ್ಚಿಗಾಗಿ ಊರೂರಿನ ನೀರು ಸರಬರಾಜು ಮಂಡಳಿಗಳು ತಯಾರಕ ಕಂಪನಿ ಸಿಂಜೆಂಟಾ ಮೇಲೆ ದಾವೆ ಹೂಡಿದವು. 2012ರಲ್ಲಿ 10.5 ಕೋಟಿ ಡಾಲರಿಗೆ ರಾಜಿ ಆಯಿತು, ಸಾವಿರಕ್ಕೂ ಹೆಚ್ಚು ನೀರು ವ್ಯವಸ್ಥೆಗಳಿಗೆ ಪಾಲು ಸಿಕ್ಕಿತು. ಅವರು ಕೋರ್ಟಿಗೆ ಹೋಗಲು ಸಾಧ್ಯವಾದದ್ದು ವರ್ಷ ವರ್ಷದ ಅಳತೆ ಕೈಯಲ್ಲಿದ್ದದ್ದಕ್ಕೆ. ನಮ್ಮ ಸೊಸೈಟಿಯ ಕೈಯಲ್ಲಿರೋದು ಬಿಡಿಎಲ್ ಅಂತ ಬರೆದ ಒಂದು ಸಾಲು. ಹಾಗಾಗಿ ಸದ್ಯಕ್ಕೆ ಕಾರ್ಬನ್ ಖರ್ಚು ಮೆಂಟೆನೆನ್ಸ್ ಬಿಲ್ಲಿಗೇ ಸೇರುತ್ತೆ, ಜುಲೈ ಸ್ಯಾಂಪಲಿನ ಖರ್ಚನ್ನೂ ಅದರಲ್ಲೇ ಸೇರಿಸಿ ಅಂತ ನಾನು ಕಮಿಟಿಗೆ ಬರೆದುಕೊಟ್ಟಿದ್ದೇನೆ.